ಏಳು ಸೀಟಿಗೆ ಪ್ರಧಾನಿ ಪಟ್ಟ: ಇಸ್ರೇಲಿನ ಸಣ್ಣ ಬಲಪಂಥೀಯ ಪಕ್ಷದ ನಾಯಕರ ದಾರಿಯನ್ನು ಓದುವುದು ಹೇಗೆ

ಇಸ್ರೇಲ್ ಅಂದರೆ ನಮ್ಮ ಸುದ್ದಿಗಳಲ್ಲಿ ಬರುವುದು ಯುದ್ಧ, ಇಲ್ಲ ನೆತನ್ಯಾಹು. ಸಣ್ಣ ಬಲಪಂಥೀಯ ಪಕ್ಷಗಳ ನಾಯಕರ ಹೆಸರು ನಡುವೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಅಷ್ಟೆ. ಆದರೆ ಆ ದೇಶದಲ್ಲಿ ಯಾವ ಸರ್ಕಾರ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎನ್ನುವುದು ಎಷ್ಟೋ ಸಲ ಇವರ ಕೈಯಲ್ಲೇ ಇರುತ್ತದೆ. ಇವರ ದಾರಿ ಓದಲು ಹೊರಟರೆ ಮೊದಲ ದಿನವೇ ತಲೆ ಕೆಡುತ್ತದೆ. ಐದು ವರ್ಷದಲ್ಲಿ ನಾಲ್ಕು ಪಕ್ಷದ ಹೆಸರು, ಇವತ್ತು ಮಂತ್ರಿ, ನಾಳೆ ಸಂಸತ್ತಿನಿಂದಲೇ ಹೊರಗೆ, ನಾಡಿದ್ದು ರಕ್ಷಣಾ ಸಚಿವ. ನಾನು ಕೆಲವು ವರ್ಷಗಳಿಂದ ಒಂದು ನೋಟ್‌ಬುಕ್ ಇಟ್ಟುಕೊಂಡು ಓದುತ್ತಿದ್ದೇನೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ 2021ರಲ್ಲಿ ಏಳು ಸೀಟಿನ ಪಕ್ಷದಿಂದ ಪ್ರಧಾನಿಯಾದ ನಫ್ತಾಲಿ ಬೆನೆಟ್ ಅವರನ್ನು ತೆಗೆದುಕೊಂಡಿದ್ದೇನೆ, ಯಾಕಂದರೆ ಸಣ್ಣ ಪಕ್ಷದವರಿಗೆ ಆಗಬಹುದಾದ್ದೆಲ್ಲ ಇವರೊಬ್ಬರಿಗೇ ಆಗಿದೆ.

ಮೊದಲು ಒಂದು ಮಾತು. ಪ್ಯಾಲೆಸ್ಟೀನ್ ದೇಶ ಆಗಲೇಬಾರದು, ಪಶ್ಚಿಮ ದಂಡೆಯ ಸುಮಾರು ಶೇ 60ರಷ್ಟಿರುವ, ಆಡಳಿತ ಇಸ್ರೇಲ್ ಕೈಯಲ್ಲೇ ಇರುವ 'ಸಿ' ಪ್ರದೇಶವನ್ನು ಇಸ್ರೇಲಿಗೆ ಸೇರಿಸಿಕೊಳ್ಳಬೇಕು ಎನ್ನುವುದು ಬೆನೆಟ್ 2012ರಿಂದ ಹೇಳಿಕೊಂಡು ಬಂದ ಮಾತು. ನನಗೆ ಅದು ಒಪ್ಪಿಗೆ ಇಲ್ಲ. ಅಲ್ಲಿ ಬದುಕುವ ಪ್ಯಾಲೆಸ್ಟೀನಿಯರ ಹಕ್ಕುಗಳನ್ನು ಬದಿಗಿಟ್ಟು ಮಾಡಿದ ಲೆಕ್ಕ ಅದು. ಆದರೆ ಒಪ್ಪದವರ ದಾರಿಯನ್ನು ಇನ್ನೂ ಜಾಸ್ತಿ ಎಚ್ಚರದಿಂದ ಓದಬೇಕು. ಬೈದು ಮುಗಿಸಿದರೆ ಏನೂ ತಿಳಿಯುವುದಿಲ್ಲ.

ಈಗ ನೋಟ್‌ಬುಕ್ ತೆಗೆಯಿರಿ. ಮೊದಲ ಪುಟದಲ್ಲಿ ಮೂರು ಅಂಕಿ ದೊಡ್ಡದಾಗಿ ಬರೆಯಿರಿ: 120, 61, 3.25.

120 ಅಂದರೆ ಕ್ನೆಸೆಟ್, ಅಂದರೆ ಅವರ ಸಂಸತ್ತಿನ ಸೀಟುಗಳು. 61 ಅಂದರೆ ಬಹುಮತ. 3.25 ಅಂದರೆ ಹೊಸ್ತಿಲು. ಇಡೀ ದೇಶದ ಸಿಂಧು ಮತಗಳಲ್ಲಿ ಶೇ 3.25 ಸಿಗದ ಪಕ್ಷಕ್ಕೆ ಒಂದು ಸೀಟೂ ಇಲ್ಲ. ದಾಟಿದರೆ ಸಾಮಾನ್ಯವಾಗಿ ನಾಲ್ಕು ಸೀಟು, ದಾಟದಿದ್ದರೆ ಸೊನ್ನೆ. ನಡುವೆ ಏನೂ ಇಲ್ಲ. ನಮ್ಮ ಹಾಗೆ ಅಲ್ಲಿ ಕ್ಷೇತ್ರಗಳಿಲ್ಲ, 'ನಮ್ಮ ಎಮ್ಮೆಲ್ಲೆ' ಎನ್ನುವ ಮಾತೇ ಇಲ್ಲ. ಇಡೀ ದೇಶ ಒಂದೇ ಕ್ಷೇತ್ರ. ಮತಗಟ್ಟೆಯ ಪರದೆ ಹಿಂದೆ ಒಂದು ಟ್ರೇಯಲ್ಲಿ ಪಕ್ಷಕ್ಕೊಂದರಂತೆ ಸಣ್ಣ ಚೀಟಿಗಳು ಇರುತ್ತವೆ, ಚೀಟಿಯ ಮೇಲೆ ಒಂದೋ ಎರಡೋ ಮೂರೋ ದಪ್ಪ ಹೀಬ್ರೂ ಅಕ್ಷರ. ಬೇಕಾದ ಚೀಟಿಯನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. 2021ರಲ್ಲಿ ಬೆನೆಟ್ ಪಕ್ಷದ ಚೀಟಿಯಲ್ಲಿ ಇದ್ದದ್ದು 'ಬೇತ್' ಎಂಬ ಒಂದೇ ಅಕ್ಷರ.

ಈ ಹೊಸ್ತಿಲು ಮೊದಲಿನಿಂದ ಇಷ್ಟೇ ಎತ್ತರ ಇರಲಿಲ್ಲ. ಎಂಬತ್ತರ ದಶಕದಲ್ಲಿ ಶೇ 1, 1992ರ ಚುನಾವಣೆಗೆ 1.5, 2006ಕ್ಕೆ 2, 2015ರಿಂದ 3.25. ನೀವು ಯಾವ ಕಾಲದ ನಾಯಕರನ್ನು ಓದುತ್ತಿದ್ದೀರೋ ಆ ಕಾಲದ ಹೊಸ್ತಿಲನ್ನು ಪುಟದ ತಲೆಯಲ್ಲಿ ಬರೆದುಕೊಳ್ಳಿ, ಮರೆಯಬೇಡಿ. ತೆಹಿಯಾ ಎಂಬ ಪಕ್ಷ ಇತ್ತು. ಈಜಿಪ್ಟ್ ಜೊತೆಗಿನ ಕ್ಯಾಂಪ್ ಡೇವಿಡ್ ಒಪ್ಪಂದ ಒಪ್ಪದೆ 1979ರಲ್ಲಿ ಗೆಯುಲಾ ಕೋಹೆನ್ ಮತ್ತು ಜೊತೆಗಾರರು ಕಟ್ಟಿದ್ದು. ಭೌತವಿಜ್ಞಾನಿ ಯುವಾಲ್ ನೆಎಮಾನ್ ಅದರ ನಾಯಕ. ಅರಬ್ಬರ ಜೊತೆ ಮಾತುಕತೆ ಬೇಡ ಎಂದು 1992ರ ಜನವರಿಯಲ್ಲಿ ತೆಹಿಯಾ ಮತ್ತು ಮೊಲೆದೆತ್ ಪಕ್ಷಗಳು ಬಲಪಂಥೀಯ ಪ್ರಧಾನಿ ಶಮೀರ್ ಅವರ ಸರ್ಕಾರದಿಂದ ಹೊರಬಂದವು. ಆ ವರ್ಷದ ಚುನಾವಣೆಯಲ್ಲಿ ತೆಹಿಯಾ 1.5ರ ಹೊಸ್ತಿಲಲ್ಲಿ ಎಡವಿತು. ಬಲಪಂಥದ ಮತ ಅಲ್ಲಿ ಇಲ್ಲಿ ಚೆದುರಿ ಹೋಯಿತು, ಲೇಬರ್ ಪಕ್ಷದ ರಬಿನ್ ಪ್ರಧಾನಿ ಆದರು, ಮುಂದಿನ ವರ್ಷ ಪ್ಯಾಲೆಸ್ಟೀನಿಯರ ಜೊತೆ ಓಸ್ಲೋ ಒಪ್ಪಂದವೇ ಬಂತು. ಮಾತುಕತೆ ನಿಲ್ಲಿಸಬೇಕೆಂದು ಹೊರಟ ಪಕ್ಷ ತಾನೇ ಮುಳುಗಿ, ಮಾತುಕತೆ ಬೇಕು ಎನ್ನುವವರಿಗೆ ದಾರಿ ಬಿಟ್ಟುಕೊಟ್ಟ ಹಾಗಾಯಿತು. ಬಲಪಂಥದವರು ಇದನ್ನು ಇವತ್ತಿಗೂ ಮರೆತಿಲ್ಲ. 'ಮತ ವ್ಯರ್ಥ ಮಾಡಬೇಡಿ' ಎಂದು ದೊಡ್ಡ ಪಕ್ಷ ಹೆದರಿಸುವಾಗ ಅದರ ಹಿಂದೆ ಈ ನೆನಪೂ ಇರುತ್ತದೆ.

ಎರಡನೇ ಪುಟಕ್ಕೆ ಮೂರು ಹೀಬ್ರೂ ಪದ. ಇವು ಬೇರೆ ಬೇರೆ ಎಂದು ಗೊತ್ತಾಗದಿದ್ದರೆ ಮುಂದೆ ಹೋಗಲೇಬೇಡಿ. 'ಮಿಫ್ಲಗಾ' ಅಂದರೆ ನೋಂದಣಿ ಆದ ಪಕ್ಷ. 'ರೆಶಿಮಾ' ಅಂದರೆ ಚುನಾವಣೆಗೆ ಸಲ್ಲಿಸಿದ ಅಭ್ಯರ್ಥಿಗಳ ಪಟ್ಟಿ, ಅದರಲ್ಲಿ ಎರಡು ಮೂರು ಪಕ್ಷದವರು ಸೇರಿರಬಹುದು. 'ಸಿಯಾ' ಅಂದರೆ ಗೆದ್ದ ಮೇಲೆ ಕ್ನೆಸೆಟ್ ಒಳಗೆ ಒಟ್ಟಿಗೆ ಕೂರುವ ಗುಂಪು. 2022ರ ನವೆಂಬರ್‌ನಲ್ಲಿ 'ಧಾರ್ಮಿಕ ಜಿಯೋನಿಸಂ' ಪಟ್ಟಿಗೆ 14 ಸೀಟು ಬಂದಾಗ ಅದರ ನಾಯಕ ಸ್ಮೋತ್ರಿಚ್ ಅವರ ಪಕ್ಷಕ್ಕೇ 14 ಬಂತು ಎಂದುಕೊಂಡವರು ತುಂಬಾ ಜನ. ಹಾಗಲ್ಲ. ಅದು ಹೊಸ್ತಿಲು ದಾಟಲು ಕಟ್ಟಿದ ಪಟ್ಟಿ. ಗೆದ್ದ ಕೂಡಲೇ ಮೂರಾಗಿ ಒಡೆಯಿತು: ಸ್ಮೋತ್ರಿಚ್ ಕಡೆ 7, ಬೆನ್ ಗ್ವೀರ್ ಅವರ ಒತ್ಸ್ಮಾ ಯೆಹೂದಿತ್ 6, ನೋಆಮ್ 1. ಆದ್ದರಿಂದ ಪಟ್ಟಿಯ ಸೀಟು ಬೇರೆ, ನಿಮ್ಮ ನಾಯಕರ ಕೈಯಲ್ಲಿರುವ ಸೀಟು ಬೇರೆ. ಎರಡನ್ನೂ ಬರೆಯಿರಿ.

ಈಗ ಐದು ಕಾಲಂ ಎಳೆಯಿರಿ. ತಾರೀಕು, ಪಕ್ಷದ ಹೆಸರು, ಪಟ್ಟಿಯಲ್ಲಿ ಯಾರ ಜೊತೆ, ಸೀಟು ಅಥವಾ ಶೇಕಡಾವಾರು, ಸಿಕ್ಕ ಖಾತೆ. ಕೊನೆಗೆ ಆರನೆಯದಕ್ಕೆ ಸ್ವಲ್ಪ ಜಾಗ ಬಿಡಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಬೆನೆಟ್ ಸಾಲುಗಳನ್ನು ತುಂಬೋಣ. ಹುಟ್ಟಿದ್ದು 1972, ಹೈಫಾ. ಆ ಊರು ನಮಗೆ ಪರಕೀಯ ಅಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಕುದುರೆ ಸವಾರರು ಸೇರಿ ಗೆದ್ದ ಹೈಫಾ ಅದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಲ್ಯಾನ್ಸರ್ಸ್ ಸ್ಮಾರಕ ಈಗಲೂ ಇದೆ. ಇರಲಿ. ಬೆನೆಟ್ ಅವರ ತಂದೆತಾಯಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದು ನೆಲೆಸಿದವರು. ಸೇನೆಯ ಕಮಾಂಡೋ ಪಡೆ, ಕಾನೂನು ಓದು, ಆಮೇಲೆ ಸಾಫ್ಟ್‌ವೇರ್. 1999ರಲ್ಲಿ ಶುರುವಾದ ಸೈಯೋಟಾ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. 2005ರಲ್ಲಿ ಅದು 14.5 ಕೋಟಿ ಡಾಲರಿಗೆ ಮಾರಾಟ ಆಯಿತು. 2006ರಿಂದ 2008ರವರೆಗೆ ನೆತನ್ಯಾಹು ಕಚೇರಿಯ ಮುಖ್ಯಸ್ಥರು, ಆಗ ನೆತನ್ಯಾಹು ವಿರೋಧ ಪಕ್ಷದ ನಾಯಕ. ಅದೇ ಕಚೇರಿಯಲ್ಲಿ ಅಯೆಲೆತ್ ಶಾಕೆದ್ ಕೂಡ ಇದ್ದರು. ಆ ಹೆಸರನ್ನು ಒಂದು ಗೆರೆ ಎಳೆದು ಗುರುತು ಮಾಡಿಕೊಳ್ಳಿ, ಕೊನೆಯವರೆಗೂ ಬರುತ್ತದೆ. ಇಬ್ಬರೂ ಅಲ್ಲಿಂದ ಮನಸ್ತಾಪ ಮಾಡಿಕೊಂಡು ಹೊರಬಂದರು. ಸಣ್ಣ ಪಕ್ಷದ ಬಲಪಂಥೀಯ ನಾಯಕರನ್ನು ಓದುವಾಗ ನೆತನ್ಯಾಹು ಅವರ ಲಿಕುಡ್ ಪಕ್ಷದ ಜೊತೆಗಿನ ಹಳೇ ಸಂಬಂಧ ಏನು ಎಂದು ಹುಡುಕಲೇಬೇಕು. ಹುಡುಕಿದರೆ ಬಹುತೇಕ ಸಲ ಏನೋ ಒಂದು ಸಿಗುತ್ತದೆ.

2010ರಿಂದ 2012ರವರೆಗೆ ಯೆಶಾ ಕೌನ್ಸಿಲ್, ಅಂದರೆ ಪಶ್ಚಿಮ ದಂಡೆಯ ಯಹೂದಿ ವಸಾಹತುಗಳ ಒಕ್ಕೂಟದ ಮಹಾನಿರ್ದೇಶಕ. ಗಮನಿಸಿ, ಬೆನೆಟ್ ಮನೆ ವಸಾಹತಿನಲ್ಲಿ ಅಲ್ಲ, ಟೆಲ್ ಅವೀವ್ ಪಕ್ಕದ ರಾನಾನಾದಲ್ಲಿ. ವಸಾಹತಿನವರ ಪ್ರತಿನಿಧಿ, ಆದರೆ ನಗರದ ಐಟಿ ಹಣವಂತ. 2012ರ ನವೆಂಬರ್‌ನಲ್ಲಿ ಬಾಯಿತ್ ಯೆಹೂದಿ, ಅಂದರೆ 'ಯಹೂದಿ ಮನೆ' ಪಕ್ಷದ ನಾಯಕತ್ವ ಗೆದ್ದದ್ದು ಈ ಬೆರಕೆಯಿಂದಲೇ ಎಂದು ನನ್ನ ಅಂದಾಜು. ಅದು 1956ರ ಹಳೇ ರಾಷ್ಟ್ರೀಯ ಧಾರ್ಮಿಕ ಪಕ್ಷದ ಮುಂದುವರಿದ ರೂಪ. 2009ರಲ್ಲಿ ಅದಕ್ಕೆ ಇದ್ದದ್ದು 3 ಸೀಟು. 2013ರಲ್ಲಿ ಬೆನೆಟ್ ಕೈಗೆ ಬಂದ ಮೇಲೆ 12. ಆರ್ಥಿಕ ಸಚಿವ ಸ್ಥಾನ. 2015ರಲ್ಲಿ 8ಕ್ಕೆ ಇಳಿಯಿತು, ಆದರೂ ಶಿಕ್ಷಣ ಖಾತೆ ಬಂತು, ಶಾಕೆದ್‌ಗೆ ನ್ಯಾಯ ಖಾತೆ. ಸೀಟು ಇಳಿಯಿತು, ಖಾತೆ ಏರಿತು! ಇಲ್ಲಿ ನಿಲ್ಲಿ. ಯಾಕೆ ಹೀಗೆ?

ಇದಕ್ಕೆ ನಾನು ಬಳಸುವುದು ಕಳೆಯುವ ಲೆಕ್ಕ. ಸರ್ಕಾರದ ಒಟ್ಟು ಸಂಖ್ಯೆಯಿಂದ ಈ ಪಕ್ಷದ ಸೀಟು ಕಳೆಯಿರಿ. ಉಳಿದದ್ದು 61ಕ್ಕಿಂತ ಕೆಳಗೆ ಹೋಯಿತಾ? ಹೋದರೆ ಅವರಿಗೆ ಬೆಲೆ. 2015ರ ಸರ್ಕಾರ ಶುರುವಾದದ್ದೇ ಸರಿಯಾಗಿ 61ರಲ್ಲಿ. ಅದರಲ್ಲಿ 8 ಕಳೆದರೆ 53. ಇನ್ನೇನು ಹೇಳಬೇಕು? ಎಂಟು ಸೀಟಿನವರು ಕೇಳಿದ್ದನ್ನು ಕೊಡದೆ ವಿಧಿಯೇ ಇರಲಿಲ್ಲ. ನಮಗೆ ಇದು ಹೊಸದಲ್ಲ. 2018ರಲ್ಲಿ 224ರ ವಿಧಾನಸಭೆಯಲ್ಲಿ 37 ಸೀಟಿನ ಪಕ್ಷದ ಕುಮಾರಸ್ವಾಮಿ ಮುಖ್ಯಮಂತ್ರಿ ಆದಾಗ ಇದೇ ಲೆಕ್ಕವನ್ನು ಊರೂರಿನ ಕಟ್ಟೆ ಮೇಲೆ ಕೂತು ಹಾಕಿದವರು ನಾವು.

ಈಗ ಬೆನೆಟ್ ಹೊಸ್ತಿಲಲ್ಲೇ ಎಡವಿದ ಚುನಾವಣೆಗೆ ಬರೋಣ. 2018ರ ಡಿಸೆಂಬರ್ 29ರಂದು ಬೆನೆಟ್ ಮತ್ತು ಶಾಕೆದ್ 'ಯಹೂದಿ ಮನೆ' ಬಿಟ್ಟು 'ಹೊಸ ಬಲ' (ಅಂದರೆ ಹೊಸ ಬಲಪಂಥ) ಎಂಬ ಪಕ್ಷ ಕಟ್ಟಿದರು. ಶಾಕೆದ್ ಧಾರ್ಮಿಕ ಆಚರಣೆಯವರಲ್ಲ, ಬೆನೆಟ್ ಕಿಪ್ಪಾ, ಅಂದರೆ ಧಾರ್ಮಿಕ ಯಹೂದಿಗಳ ಸಣ್ಣ ತಲೆಟೋಪಿ, ಹಾಕುವವರು. ಇಬ್ಬರೂ ಸಮವಾಗಿ ನಡೆಸುವ ಪಕ್ಷ ಅನ್ನುವುದು ಉದ್ದೇಶ. 2019ರ ಏಪ್ರಿಲ್ 9ರಂದು ಮತದಾನ. ಎಣಿಕೆ ನಡೆದ ಹಾಗೆ ಹೊಸ ಬಲ ಹೊಸ್ತಿಲ ಹತ್ತಿರ ಹತ್ತಿರ ಬಂದು ನಿಂತುಬಿಟ್ಟಿತು. ಉಳಿದದ್ದು 'ಎರಡು ಲಕೋಟೆ'ಯ ಮತಗಳು: ಸೈನಿಕರು, ಆಸ್ಪತ್ರೆಯಲ್ಲಿರುವವರು, ಕೈದಿಗಳು, ರಾಯಭಾರಿ ಕಚೇರಿಯವರು ಹಾಕಿದ್ದು. ಒಳಗಿನ ಲಕೋಟೆಯಲ್ಲಿ ಚೀಟಿ, ಹೊರಗಿನದರ ಮೇಲೆ ಮತದಾರರ ವಿವರ. ಅವರು ಬೇರೆ ಕಡೆ ಎರಡನೇ ಸಲ ಮತ ಹಾಕಿಲ್ಲ ಎಂದು ನೋಡಿಯೇ ಒಳಗಿನದನ್ನು ತೆಗೆಯಬೇಕು, ಅದಕ್ಕೇ ಕೊನೆಗೆ ಎಣಿಸುತ್ತಾರೆ. ಸೈನಿಕರು ನಮ್ಮನ್ನು ದಾಟಿಸುತ್ತಾರೆ ಎನ್ನುವುದು ಬೆನೆಟ್ ನಂಬಿಕೆ. ನಾನು ದಿನಕ್ಕೆ ಹತ್ತು ಸಲ ಫೋನು ತೆಗೆದು ಆ ಶೇಕಡಾ ಅಂಕಿ ನೋಡುತ್ತಿದ್ದೆ. ಕೊನೆಗೆ ಬಂದದ್ದು 1,38,598 ಮತ, ಶೇ 3.22. ಹೊಸ್ತಿಲಿಗೆ ಸುಮಾರು 1,450 ಮತ ಕಮ್ಮಿ. ಶಿಕ್ಷಣ ಸಚಿವರೂ ನ್ಯಾಯ ಸಚಿವರೂ ಒಟ್ಟಿಗೆ ಸಂಸತ್ತಿನಿಂದ ಹೊರಗೆ. ಜೂನ್‌ನಲ್ಲಿ ನೆತನ್ಯಾಹು ಇಬ್ಬರನ್ನೂ ಸಂಪುಟದಿಂದ ತೆಗೆದರು.

ಸಾಮಾನ್ಯವಾಗಿ ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಆ ಸಲ ಯಾರಿಗೂ 61 ಕೂಡಿಬರಲಿಲ್ಲ, ಸೆಪ್ಟೆಂಬರ್‌ನಲ್ಲಿ ಮತ್ತೆ ಚುನಾವಣೆ ಬಂತು. ಈ ಸಲ 'ಯಾಮಿನಾ' (ಬಲಕ್ಕೆ ಎಂದು ಅರ್ಥ) ಎಂಬ ಕೂಡು ಪಟ್ಟಿ, ಶಾಕೆದ್ ಮೊದಲ ಹೆಸರು, 7 ಸೀಟು. ಅದರಲ್ಲಿ ಹೊಸ ಬಲದ ಪಾಲು ಬರೀ 3. ಆ ಮೂರು ಸೀಟಿನ ಬೆನೆಟ್‌ಗೆ ನವೆಂಬರ್‌ನಲ್ಲಿ ರಕ್ಷಣಾ ಖಾತೆ! ಏಪ್ರಿಲ್‌ನಲ್ಲಿ ಸೊನ್ನೆ, ಅದೇ ವರ್ಷದ ನವೆಂಬರ್‌ನಲ್ಲಿ ಇಡೀ ಸೇನೆಯ ಉಸ್ತುವಾರಿ. ತನ್ನ ಎದುರಾಳಿ, ನೀಲಿ ಬಿಳಿ ಪಕ್ಷದ ಗಾಂಟ್ಸ್ ಕಡೆ ಬೆನೆಟ್ ವಾಲದಿರಲಿ ಎಂದು ನೆತನ್ಯಾಹು ಕಟ್ಟಿದ ಬೇಲಿ ಅದು.

2020ರ ಮಾರ್ಚ್‌ನಲ್ಲಿ 6 ಸೀಟು, ಮೇ ತಿಂಗಳಲ್ಲಿ ವಿರೋಧ ಪಕ್ಷಕ್ಕೆ. ಕೋವಿಡ್ ಸಮಯದಲ್ಲಿ ಬೆನೆಟ್ ಆಸ್ಪತ್ರೆ ಆಸ್ಪತ್ರೆ ಸುತ್ತಿ ಸರ್ಕಾರದ ತಪ್ಪು ಹೇಳುತ್ತಾ ಜನರ ಮನಸ್ಸಿಗೆ ಬಂದರು. ಸಮೀಕ್ಷೆಗಳಲ್ಲಿ 20ಕ್ಕಿಂತ ಜಾಸ್ತಿ ಸೀಟು ತೋರಿಸಿದ್ದೂ ಉಂಟು. 2021ರ ಮಾರ್ಚ್‌ನಲ್ಲಿ ನಿಜವಾಗಿ ಬಂದದ್ದು 7. ಅದಕ್ಕೇ ಸಮೀಕ್ಷೆಯ ಅಂಕಿಯನ್ನು ಕಾಲಂಗೆ ಹಾಕಬೇಡಿ, ಬೇಕಾದರೆ ಪೆನ್ಸಿಲಲ್ಲಿ ಅಂಚಿನಲ್ಲಿ ಬರೆದುಕೊಳ್ಳಿ. ಮತದಾನದ ವಾರದಲ್ಲಿ ದೊಡ್ಡ ಪಕ್ಷ ಸಣ್ಣದರ ಮತ ಎಳೆದುಕೊಳ್ಳುವುದು ಅಲ್ಲಿ ಮಾಮೂಲು.

ಈಗ ಆರನೇ ಕಾಲಂ. ಅದರ ತಲೆಬರಹ 'ಯಾರ ಜೊತೆ ಕೂರುವುದಿಲ್ಲ ಎಂದರು?' ನನ್ನ ಪ್ರಕಾರ ಇಡೀ ನೋಟ್‌ಬುಕ್ಕಿನಲ್ಲಿ ಬೆಲೆಬಾಳುವುದು ಇದೊಂದೇ ಕಾಲಂ. ಸಣ್ಣ ಪಕ್ಷದ ಮತದಾರ ಮತ ಹಾಕುವುದೇ ಈ ಮಾತನ್ನು ನಂಬಿ. 2021ರ ಚುನಾವಣೆಗೆ ಎರಡು ದಿನ ಇರುವಾಗ ಬೆನೆಟ್ ಚಾನೆಲ್ 20ರ ಸ್ಟುಡಿಯೋದಲ್ಲಿ ಕೂತು ಒಂದು ಹಾಳೆಗೆ ಸಹಿ ಹಾಕಿದರು, ನೇರ ಪ್ರಸಾರದಲ್ಲಿ. ಮಧ್ಯಪಂಥದ ಯೆಶ್ ಅತೀದ್ ಪಕ್ಷದ ಯಾಯಿರ್ ಲಪೀದ್ ಪ್ರಧಾನಿ ಆಗಲು ಬಿಡುವುದಿಲ್ಲ, ಇಬ್ಬರು ಸರದಿಯಂತೆ ಪ್ರಧಾನಿ ಆಗುವ ಒಪ್ಪಂದದಲ್ಲೂ ಬಿಡುವುದಿಲ್ಲ, ಮನ್ಸೂರ್ ಅಬ್ಬಾಸ್ ಅವರ ಅರಬ್ ಪಕ್ಷ ರಾಮ್‌ನ ಬೆಂಬಲದ ಮೇಲೆ ಸರ್ಕಾರ ಮಾಡುವುದಿಲ್ಲ ಎನ್ನುವುದು ಅದರ ಸಾರ. ಮೂರು ತಿಂಗಳೊಳಗೆ ಲಪೀದ್ ಜೊತೆ ಸರದಿ ಒಪ್ಪಂದ, ರಾಮ್ ಪಕ್ಷದ ಬೆಂಬಲ, ಎರಡೂ ಆಯಿತು.

ಯಾಕೆ ಆಯಿತು ಎನ್ನುವುದನ್ನು ನೀವೇ ಕೂಡಿಸಿ ನೋಡಿ. ನೆತನ್ಯಾಹು ಕಡೆ: ಲಿಕುಡ್ 30, ಕಟ್ಟಾ ಧಾರ್ಮಿಕರ ಪಕ್ಷಗಳಾದ ಶಾಸ್ 9 ಮತ್ತು ಯುಟಿಜೆ 7, ಧಾರ್ಮಿಕ ಜಿಯೋನಿಸಂ 6. ಒಟ್ಟು 52. ಯಾಮಿನಾದ 7 ಸೇರಿದರೂ 59. ಇನ್ನೆರಡು ಬೇಕಾದರೆ ರಾಮ್ ಪಕ್ಷದ ಕಡೆಗೇ ನೋಡಬೇಕಿತ್ತು, ಅದನ್ನು ಸ್ಮೋತ್ರಿಚ್ ಒಪ್ಪಲಿಲ್ಲ. ಇನ್ನೊಂದು ಕಡೆ: ಯೆಶ್ ಅತೀದ್ 17, ನೀಲಿ ಬಿಳಿ 8, ಲೇಬರ್ 7, ಇಸ್ರೇಲ್ ಬೆಯ್ತೇನು 7, ಹೊಸ ಭರವಸೆ 6, ಮೆರೆತ್ಸ್ 6, ರಾಮ್ 4. ಒಟ್ಟು 55. ಯಾಮಿನಾ ಸೇರಿದರೆ 62. ಬೆನೆಟ್ ಇಲ್ಲದೆ ಎರಡೂ ಕಡೆ ಸರ್ಕಾರ ಇಲ್ಲ. ಹಾಗಾಗಿ 17 ಸೀಟಿನ ಲಪೀದ್ ಮೊದಲ ಸರದಿಯನ್ನು 7 ಸೀಟಿನವರಿಗೆ ಬಿಟ್ಟುಕೊಟ್ಟರು. ಯಾಮಿನಾದ ಅಮಿಖಾಯ್ ಶಿಕ್ಲಿ ಒಪ್ಪದೆ ವಿರುದ್ಧ ನಿಂತರು, 61 ಉಳಿಯಿತು. ರಾಮ್‌ನ ಒಬ್ಬರು ತಟಸ್ಥರಾದರು. 2021ರ ಜೂನ್ 13ರಂದು 60-59ರಲ್ಲಿ ಬೆನೆಟ್ ಪ್ರಧಾನಿ. ಕಿಪ್ಪಾ ಹಾಕಿದ ಮೊದಲ ಪ್ರಧಾನಿ. ಸ್ವತಂತ್ರ ಅರಬ್ ಪಕ್ಷವೊಂದು ಒಪ್ಪಂದಕ್ಕೆ ಸಹಿ ಹಾಕಿ ಭಾಗಿಯಾದ ಮೊದಲ ಸರ್ಕಾರವೂ ಅದೇ. ಎರಡು ವರ್ಷದಲ್ಲಿ ನಾಲ್ಕು ಚುನಾವಣೆ ನೋಡಿದ್ದ ದೇಶಕ್ಕೆ ಒಂದು ಸರ್ಕಾರ ಕೊಟ್ಟದ್ದು ಸರಿ ಎಂದೇ ನನಗೆ ಅನಿಸುತ್ತದೆ. ಆದರೆ ಆ ಹಾಳೆ ನಂಬಿ 'ಬೇತ್' ಚೀಟಿ ಹಾಕಿದವರಿಗೆ ಆದ ನೋವೂ ಸುಳ್ಳಲ್ಲ. ಎರಡನ್ನೂ ಬರೆದುಕೊಳ್ಳಿ.

ಮುಂದಿನ ಕೆಲಸ: ಪಕ್ಷದೊಳಗಿನ ಎಲ್ಲರ ಹೆಸರನ್ನೂ ಬರೆಯುವುದು. ದೊಡ್ಡ ಪಕ್ಷದಲ್ಲಿ ಇದು ಬೇಕಿಲ್ಲ, ಏಳು ಜನರ ಪಕ್ಷದಲ್ಲಿ ಬೇಕೇ ಬೇಕು. ಅಲ್ಲಿ ಒಬ್ಬೊಬ್ಬರ ಮನೆ ಮುಂದೆಯೂ ಪ್ರತಿಭಟನೆ, ಒಬ್ಬೊಬ್ಬರಿಗೂ ಆಮಿಷ, ಒತ್ತಡ. 2022ರ ಏಪ್ರಿಲ್‌ನಲ್ಲಿ ಈದಿತ್ ಸಿಲ್ಮನ್ ಹೊರನಡೆದರು. ಅವರು ಮೈತ್ರಿಕೂಟದ ಮುಖ್ಯ ಸಚೇತಕಿ! ಹುಳಿಹಿಟ್ಟು ನಿಷಿದ್ಧವಾದ ಯಹೂದಿಗಳ ಪಾಸ್‌ಓವರ್ ಹಬ್ಬದಲ್ಲಿ ಆಸ್ಪತ್ರೆಯೊಳಗೆ ಹುಳಿಹಿಟ್ಟಿನ ತಿನಿಸು ಬಿಡಬೇಕೋ ಬೇಡವೋ ಎನ್ನುವ ಜಗಳ ಕೊನೆಯ ಕಾರಣವಾಯಿತು. ಮುಂದಿನ ಸರ್ಕಾರದಲ್ಲಿ ಅವರು ಲಿಕುಡ್‌ನಿಂದ ಪರಿಸರ ಸಚಿವೆ, ಶಿಕ್ಲಿ ಕೂಡ ಲಿಕುಡ್ ಸಚಿವ. 2022ರ ಜೂನ್‌ನಲ್ಲಿ ಯಾಮಿನಾದ ಇನ್ನೊಬ್ಬ ಸದಸ್ಯ ನೀರ್ ಒರ್ಬಾಖ್ ಕೂಡ ಸರ್ಕಾರದ ಕೈಬಿಟ್ಟರು.

ಕೊನೆಯ ಏಟು ಬಂದದ್ದು ಬೆನೆಟ್ ಬೆಳೆದು ಬಂದ ಜಾಗದಿಂದಲೇ. ಪಶ್ಚಿಮ ದಂಡೆಯ ವಸಾಹತಿನವರಿಗೆ ಇಸ್ರೇಲಿ ಕಾನೂನು ಅನ್ವಯಿಸುವ ತುರ್ತು ನಿಯಮಗಳು 1967ರಿಂದ ಇವೆ, ಐದೈದು ವರ್ಷಕ್ಕೆ ನವೀಕರಿಸುತ್ತಾ ಬಂದಿದ್ದಾರೆ. 2022ರ ಜೂನ್ 6ರಂದು ಆ ಮಸೂದೆ 58-52ರಲ್ಲಿ ಬಿತ್ತು. ವಸಾಹತುಗಳ ಪರ ಇರುವ ಲಿಕುಡ್ಡೇ ವಿರುದ್ಧ ಮತ ಹಾಕಿತು, ಸರ್ಕಾರ ಬೀಳಿಸುವುದಕ್ಕೆ. ತಿಂಗಳ ಕೊನೆಗೆ ನಿಯಮಗಳು ಮುಗಿದುಹೋಗುತ್ತಿದ್ದವು. ಕ್ನೆಸೆಟ್ ವಿಸರ್ಜನೆ ಆದರೆ ಮಾತ್ರ ತಾವಾಗಿಯೇ ಮುಂದುವರಿಯುತ್ತವೆ. ಯೆಶಾ ಕೌನ್ಸಿಲ್‌ನ ಹಳೇ ಮಹಾನಿರ್ದೇಶಕ ಪ್ರಧಾನಿ ಕುರ್ಚಿ ಬಿಟ್ಟು ಆ ನಿಯಮಗಳನ್ನು ಉಳಿಸಿದರು. ಜೂನ್ 30ರಂದು 92-0ರಲ್ಲಿ ವಿಸರ್ಜನೆ, ಮರುದಿನ ಲಪೀದ್ ಪ್ರಧಾನಿ. ನಮ್ಮಲ್ಲಿ 2007ರಲ್ಲಿ 20-20 ಒಪ್ಪಂದ ಮುರಿದದ್ದನ್ನು ಕಂಡವರಿಗೆ ಈ ಅಧಿಕಾರ ಹಸ್ತಾಂತರ ಬೇರೆಯೇ ಥರ ಕಾಣುತ್ತದೆ ಅಲ್ವಾ?

ಬೆನೆಟ್ ಆ ವರ್ಷ ನಿಲ್ಲಲಿಲ್ಲ. ಶಾಕೆದ್ ಹಳೇ 'ಯಹೂದಿ ಮನೆ'ಗೇ ವಾಪಸ್ ಹೋಗಿ ನಿಂತರು. ಬಂದದ್ದು ಶೇ 1.19.

ಇಷ್ಟೆಲ್ಲ ಎಲ್ಲಿ ಸಿಗುತ್ತದೆ ಅಂದರೆ, ಕ್ನೆಸೆಟ್‌ನ ಸ್ವಂತ ತಾಣದಲ್ಲಿ ಇಂಗ್ಲಿಷ್ ಪುಟಗಳಿವೆ. ಅಲ್ಲಿ ಒಬ್ಬೊಬ್ಬ ಸದಸ್ಯರ ಹೆಸರಿನ ಕೆಳಗೆ ಯಾವ ಕ್ನೆಸೆಟ್, ಯಾವ ಸಿಯಾ, ಯಾವ ಖಾತೆ ಎಂಬುದು ತಾರೀಕು ಸಮೇತ ಇದೆ. ಮತದ ಅಂಕಿಗೆ ಅಲ್ಲಿನ ಕೇಂದ್ರ ಚುನಾವಣಾ ಸಮಿತಿ. ಪತ್ರಿಕೆ ಓದುವಾಗ ಒಂದನ್ನೇ ನಂಬಬೇಡಿ. ಎಡಕ್ಕೆ ವಾಲುವ ಹಾರೆಟ್ಜ್ ಒಂದು, ಜೆರುಸಲೇಂ ಪೋಸ್ಟ್ ಒಂದು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. 'ಬಲಪಂಥೀಯ' ಎಂಬ ಪದ ಕಂಡಾಗಲೆಲ್ಲ ಯಾವುದರಲ್ಲಿ ಬಲ ಎಂದು ಕೇಳಿ. ಅಲ್ಲಿ ಆ ಪದ ಮೊದಲು ಹೇಳುವುದು ನೆಲ ಮತ್ತು ಭದ್ರತೆಯ ನಿಲುವನ್ನು, ಹಣಕಾಸಿನ ನೀತಿ ಆಮೇಲಿನ ಮಾತು. ಕಿಪ್ಪಾ ಹಾಕುವ ಬೆನೆಟ್, ಹಾಕದ ಶಾಕೆದ್, ಅರಬ್ಬರನ್ನು ಹೊರಹಾಕಬೇಕು ಎನ್ನುತ್ತಿದ್ದ ಕಹಾನೆಯ ಗುಂಪಿನಿಂದ ಬಂದ ಬೆನ್ ಗ್ವೀರ್ ಮೂವರನ್ನೂ ಒಂದೇ ಪದದಲ್ಲಿ ಕಟ್ಟಿದರೆ ಅವರ ನಡುವಿನ ಜಗಳಗಳೇ ಕಾಣದೆ ಹೋಗುತ್ತವೆ. 2019 ಮತ್ತು 2020ರಲ್ಲಿ ಬೆನೆಟ್ ತಮ್ಮ ಪಟ್ಟಿಗೆ ಬೆನ್ ಗ್ವೀರ್ ಅವರನ್ನು ಸೇರಿಸಿಕೊಳ್ಳಲಿಲ್ಲ. 2020ರಲ್ಲಿ ಒಂಟಿಯಾಗಿ ನಿಂತ ಬೆನ್ ಗ್ವೀರ್‌ಗೆ ಸಿಕ್ಕಿದ್ದು ಶೇ 0.42, ಎರಡೂವರೆ ವರ್ಷದ ಮೇಲೆ ಅವರು ರಾಷ್ಟ್ರೀಯ ಭದ್ರತಾ ಸಚಿವ. ಬೆನೆಟ್ ಪುಟ ಮುಗಿದ ಮೇಲೆ ಬೆನ್ ಗ್ವೀರ್ ಪುಟವನ್ನು ನೀವೇ ಮಾಡಿ ನೋಡಿ, ಅದೇ ಆರು ಕಾಲಂ ಸಾಕು.

ಬೆನೆಟ್ ಪುಟದ ಕೆಳಗೆ ಮಾತ್ರ ಜಾಗ ಬಿಟ್ಟಿರಿ. 2025ರ ಏಪ್ರಿಲ್‌ನಲ್ಲಿ ಅವರು 'ಬೆನೆಟ್ 2026' ಹೆಸರಲ್ಲಿ ಹೊಸ ಪಕ್ಷ ನೋಂದಾಯಿಸಿದರು. ಚುನಾವಣೆಗೆ ಆರೇಳು ವಾರ ಇರುವಾಗ ಪಟ್ಟಿ ಸಲ್ಲಿಸುವ ಕೊನೆಯ ದಿನ ಬರುತ್ತದೆ. ಆ ರಾತ್ರಿ ಯಾರು ಯಾರ ಜೊತೆ ಸೇರಿದರು, ಯಾರ ಹೆಸರು ಎಷ್ಟನೆಯದು ಎಂದು ಮೂರನೇ ಕಾಲಂ ತುಂಬಿ. ಆರನೆಯದನ್ನು ಅದಕ್ಕೂ ಮುಂಚೆ, ಅವರು ಬಾಯಿಬಿಟ್ಟು ಹೇಳಿದ ದಿನವೇ, ತಾರೀಕು ಹಾಕಿ ಪೆನ್ನಿನಲ್ಲಿ ಬರೆದಿಡಿ.